ಕಾಲು ಸೋತ ದಿನ ರೇಸ್ ಮುಗಿಸುವುದು ಹೇಗೆ?

ಕಾರಹುಣ್ಣಿಮೆಗೆ ರಾಯಚೂರಿನ ಮುಂಗಾರು ಹಬ್ಬದಲ್ಲಿ ಟನ್ನುಗಟ್ಟಲೆ ತೂಕದ ಕಲ್ಲು ಎಳೆಯಲು ಬರುವ ಎತ್ತುಗಳನ್ನು ನೋಡಿದ್ದೀರಲ್ಲ. ಅಂಥ ಎತ್ತನ್ನು ಸ್ಪರ್ಧೆಯ ಹಿಂದಿನ ದಿನ ಯಾವ ಒಕ್ಕಲಿಗನೂ ಕುಂಟಿಗೆ ಹೂಡುವುದಿಲ್ಲ. ಮೈ ತೊಳೆದು, ಹೊಟ್ಟೆ ತುಂಬ ಮೇಯಿಸಿ, ನೆರಳಿಗೆ ಕಟ್ಟುತ್ತಾನೆ. ಅದೇ ಮನೆಯ ಹುಡುಗನೋ ಹುಡುಗಿಯೋ ಸೈಕಲ್ ರೇಸಿಗೆ ಹೊರಟರೆ ಅಷ್ಟು ಕಾಳಜಿ ಸಿಗುವುದಿಲ್ಲ. ಶನಿವಾರ ಹೊತ್ತು ಮುಳುಗುವ ತನಕ ಹೊಲದ ಕೆಲಸ, ರಾತ್ರಿಯೆಲ್ಲ ಬಸ್ಸಿನಲ್ಲಿ ಕಾಲು ಮಡಚಿ ಕೂತ ಪ್ರಯಾಣ, ಭಾನುವಾರ ಬೆಳಿಗ್ಗೆ ಸ್ಟಾರ್ಟ್ ಲೈನ್. ಸೀಟಿನ ಮೇಲೆ ಕೂತು ನಾಲ್ಕು ಸಲ ಪೆಡಲ್ ತುಳಿಯುವಷ್ಟರಲ್ಲಿ ಗೊತ್ತಾಗಿಬಿಡುತ್ತದೆ: ಇವತ್ತು ಕಾಲು ಸೋತಿವೆ.

ರಾಯಚೂರಿನಿಂದ ಮಂತ್ರಾಲಯದ ಕಡೆ ಹೋಗುವ ದಾರಿಯಲ್ಲಿರುವ ಗಿಲ್ಲೆಸುಗೂರಿನ ಸುತ್ತಮುತ್ತ ಗೇರ್ ಸೈಕಲ್ ತುಳಿಯುವ ಹುಡುಗರಿಗೆ ಗುಡ್ಡ ಕಡಿಮೆ, ಬಯಲು ಜಾಸ್ತಿ. ಕಾಲುವೆ ದಂಡೆ, ಬಂಡಿ ದಾರಿ, ಎರಿ ಹೊಲದ ಬದು, ಅಲ್ಲಲ್ಲಿ ಕಲ್ಲುಗುಡ್ಡ, ಇವೇ ಅವರ ಅಭ್ಯಾಸದ ಮೈದಾನ. ಮೌಂಟೇನ್ ಬೈಕ್ ರೇಸ್ ಎಂದರೆ ಹಿಮಾಲಯಕ್ಕೇ ಹೋಗಬೇಕೆಂದೇನಿಲ್ಲ. 2021ರಲ್ಲಿ ಈ ಕ್ರೀಡೆಯ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಮ್ಮ ಗದಗದಲ್ಲೇ ನಡೆಯಿತು. 2023ರ ಅಕ್ಟೋಬರಿನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಕೇರಳದ ಪೊನ್ಮುಡಿಗೆ ಬಂದಿತ್ತು. ಬಸ್ಸೋ ರೈಲೋ ಹತ್ತಿದರೆ ತಲುಪಬಹುದಾದ ಊರುಗಳಿವು. ಹೀಗಿರುವಾಗ ದಣಿದ ಕಾಲಿನಲ್ಲಿ ರೇಸ್ ಮಾಡುವ ಸಂದರ್ಭ ನಮ್ಮ ಹುಡುಗರಿಗೆ ಬಂದೇ ಬರುತ್ತದೆ. ಆ ದಿನವನ್ನು ಹೇಗೆ ದಾಟಬೇಕು ಎಂಬುದನ್ನು ಹಿಂದಿನ ವಾರದಿಂದ ಹಿಡಿದು ಒಂದೊಂದಾಗಿ ಹೇಳುತ್ತೇನೆ.

ಹೊಲದ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಿರಿ

ಅಭ್ಯಾಸದ ಪುಸ್ತಕದಲ್ಲಿ ಎಷ್ಟು ಕಿಲೋಮೀಟರ್ ತುಳಿದಿರಿ ಎಂದು ಬರೆಯುತ್ತೀರಿ. ಭತ್ತದ ಗದ್ದೆಯಲ್ಲಿ ಎಷ್ಟು ಹೊತ್ತು ಬಗ್ಗಿ ನಿಂತಿರಿ, ಎಷ್ಟು ಚೀಲ ಹೊತ್ತಿರಿ ಎಂಬುದನ್ನು ಬರೆಯುವುದಿಲ್ಲ. ಕಾಲಿಗೆ ಈ ಭೇದ ಗೊತ್ತಿಲ್ಲ. ತೊಡೆಗೆ ಬಿದ್ದ ಕೆಲಸವೆಲ್ಲ ಕೆಲಸವೇ. ಅದರಲ್ಲೂ ಭಾರ ಹೊತ್ತು ಇಳಿಯುವುದು, ಕುಕ್ಕರಗಾಲಿನಲ್ಲಿ ಕೂತು ಏಳುವುದು ಸ್ನಾಯುಗಳಿಗೆ ಹೆಚ್ಚಿನ ಪೆಟ್ಟು ಕೊಡುತ್ತವೆ. ರೂಢಿಯಿಲ್ಲದ ಇಂಥ ಕೆಲಸ ಮಾಡಿದರೆ ನೋವು ಅದೇ ದಿನ ಕಾಣಿಸಿಕೊಳ್ಳುವುದಿಲ್ಲ. 24ರಿಂದ 72 ಗಂಟೆಯೊಳಗೆ ಜೋರಾಗುತ್ತದೆ. ಗುರುವಾರ ಹೊತ್ತ ಚೀಲ ಶನಿವಾರ, ಭಾನುವಾರ ತೊಡೆಯಲ್ಲಿ ಮಾತಾಡುತ್ತದೆ. ಆದ್ದರಿಂದ ಭಾನುವಾರ ರೇಸ್ ಇದ್ದರೆ ಭಾರದ ಕೆಲಸ ಬುಧವಾರಕ್ಕೆ ಮುಗಿಯಲಿ. ಮನೆಯಲ್ಲಿ ಅಪ್ಪನಿಗೋ ಅಣ್ಣನಿಗೋ ಈ ಮಾತನ್ನು ವಾರದ ಮೊದಲೇ ಹೇಳಿ. ಎತ್ತಿನ ಉದಾಹರಣೆ ಕೊಟ್ಟರೆ ಅವರಿಗೆ ಬೇಗ ತಿಳಿಯುತ್ತದೆ.

ಸೈಕಲ್ ಅಭ್ಯಾಸವನ್ನು ಕೊನೆಯ ವಾರ ಅರ್ಧಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ಒಂದು ವಾರ ಸೈಕಲ್ ಮುಟ್ಟದೆ ಕೂತವರ ಕಾಲು ಜಡವಾಗಿರುತ್ತವೆ. ದೂರ ಕಡಿಮೆಯಾಗಲಿ, ವೇಗದ ರುಚಿ ಉಳಿಯಲಿ. ಶುಕ್ರವಾರ ಅಥವಾ ಶನಿವಾರ ಅರ್ಧ ಗಂಟೆ ಹಗುರಾಗಿ ತುಳಿದು, ನಡುವೆ ಮೂರು ನಾಲ್ಕು ಸಲ ಇಪ್ಪತ್ತು ಸೆಕೆಂಡು ಜೋರಾಗಿ ತುಳಿದು ಮನೆಗೆ ಬನ್ನಿ. ಕೊನೆಯ ಗಳಿಗೆಯಲ್ಲಿ ಹೆದರಿಕೆಯಿಂದ ಐವತ್ತು ಕಿಲೋಮೀಟರ್ ಹೊಡೆದು ಬರುವವರಿದ್ದಾರೆ. ಆ ಐವತ್ತು ಕಿಲೋಮೀಟರಿನಿಂದ ಭಾನುವಾರಕ್ಕೆ ಸಿಗುವ ಲಾಭ ಸೊನ್ನೆ, ನಷ್ಟ ಮಾತ್ರ ಖಚಿತ.

ರಾತ್ರಿ ಪ್ರಯಾಣ ತಪ್ಪದಿದ್ದರೆ ಬಸ್ಸು ನಿಂತಲ್ಲೆಲ್ಲ ಇಳಿದು ಎರಡು ನಿಮಿಷ ಓಡಾಡಿ, ನೀರು ಕುಡಿಯಿರಿ. ಒಂದು ರಾತ್ರಿಯ ನಿದ್ದೆ ಕೆಟ್ಟಿತೆಂದು ಎದೆಗುಂದಬೇಡಿ. ಒಂದು ರಾತ್ರಿಗೆ ಕಾಲಿನ ಬಲ ಹೆಚ್ಚೇನೂ ಕುಗ್ಗುವುದಿಲ್ಲ, ಅದೇ ಶ್ರಮ ಹೆಚ್ಚು ಕಷ್ಟ ಎನಿಸುತ್ತದೆ ಅಷ್ಟೆ. ಶುಕ್ರವಾರ ರಾತ್ರಿ ಚೆನ್ನಾಗಿ ಮಲಗಿದ್ದವರು ಶನಿವಾರದ ನಿದ್ದೆಗೇಡನ್ನು ತಾಳಿಕೊಳ್ಳುತ್ತಾರೆ.

ಬೆಳಿಗ್ಗೆ ಮೊದಲ ಕೆಲಸ: ಮೈಯನ್ನು ವಿಚಾರಿಸಿಕೊಳ್ಳಿ

ಸುಸ್ತು, ನೋವು, ಕಾಯಿಲೆ ಇವು ಮೂರೂ ಬೇರೆ ಬೇರೆ. ಮೂರಕ್ಕೂ ಒಂದೇ ಮದ್ದಿಲ್ಲ.

ಹಾಸಿಗೆಯಿಂದ ಏಳುವ ಮೊದಲೇ ಮಣಿಕಟ್ಟಿನ ನಾಡಿ ಹಿಡಿದು ಪೂರಾ ಒಂದು ನಿಮಿಷ ಎಣಿಸಿ. ವಾರವಿಡೀ ಹೀಗೆ ಎಣಿಸಿ ಬರೆದಿಟ್ಟಿದ್ದರೆ ನಿಮ್ಮ ಮಾಮೂಲು ಲೆಕ್ಕ ಗೊತ್ತಿರುತ್ತದೆ. ಅದಕ್ಕಿಂತ ಎಂಟು ಹತ್ತು ಬಡಿತ ಹೆಚ್ಚಿದ್ದರೆ ಮೈ ಇನ್ನೂ ಸುಧಾರಿಸಿಕೊಂಡಿಲ್ಲ, ಇಲ್ಲವೇ ನೀರು ಸಾಲದು, ಇಲ್ಲವೇ ಜ್ವರ ಬರುವುದರಲ್ಲಿದೆ. ಮೂತ್ರದ ಬಣ್ಣ ನೋಡಿ. ತಿಳಿ ಹಳದಿಯಿದ್ದರೆ ಸರಿ, ಗಾಢವಾಗಿದ್ದರೆ ನೀರು ಬೇಕು. ಆಮೇಲೆ ಹತ್ತು ಮೆಟ್ಟಿಲು ಹತ್ತಿ ಇಳಿಯಿರಿ. ಎರಡೂ ತೊಡೆಯಲ್ಲಿ ಒಂದೇ ತೆರನಾದ ಭಾರ, ಬಿಗಿತ ಇದ್ದರೆ ಅದು ಸುಸ್ತು, ರೇಸ್ ಮಾಡಬಹುದು. ಒಂದೇ ಮೊಣಕಾಲಲ್ಲಿ ಚುಚ್ಚಿದಂಥ ನೋವು, ಬಾವು ಇದ್ದರೆ ಅದು ಗಾಯ, ಇಳಿಯಬೇಡಿ. ಮೂಗು ಸೋರುವುದು, ಗಂಟಲ ಕೆರೆತದಂಥ ಕುತ್ತಿಗೆಯ ಮೇಲಿನ ಸಣ್ಣ ತೊಂದರೆಗೆ ಹಗುರಾಗಿ ತುಳಿದು ನೋಡಬಹುದು. ಜ್ವರ, ಎದೆ ಬಿಗಿತ, ಮೈಕೈ ನೋವು, ಭೇದಿ ಇದ್ದರೆ ಅವತ್ತಿನ ರೇಸ್ ಅಲ್ಲಿಗೆ ಮುಗಿಯಿತು. ಜ್ವರದಲ್ಲಿ ಜೋರಾಗಿ ತುಳಿದರೆ ಹೃದಯಕ್ಕೇ ಅಪಾಯ. ಎಂಟ್ರಿ ಫೀ ಹೋಯಿತೆಂದು ಈ ವಿಷಯದಲ್ಲಿ ರಾಜಿಯಾಗಬಾರದು.

ನೋವಿನ ಗುಳಿಗೆ ನುಂಗಿ ಸ್ಟಾರ್ಟ್ ಲೈನಿಗೆ ಬರುವುದು ಕೆಟ್ಟ ಅಭ್ಯಾಸ. ಬಿಸಿಲು, ಬೆವರು, ಕಡಿಮೆ ನೀರು ಇವುಗಳ ಜೊತೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಗುಳಿಗೆ ಸೇರಿದರೆ ಮೂತ್ರಪಿಂಡಕ್ಕೆ ಹೊಡೆತ ಬೀಳಬಹುದು.

ಹೊಟ್ಟೆಗೆ ಏನು, ಯಾವಾಗ

ಸುಸ್ತಾದ ಕಾಲಿನಲ್ಲಿ ಸಾಮಾನ್ಯವಾಗಿ ಕಮ್ಮಿಯಾಗಿರುವುದು ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜೆನ್. ತುಂಬಿದ್ದಾಗಲೂ ಅದು ಜೋರು ತುಳಿತಕ್ಕೆ ಸುಮಾರು ಒಂದೂವರೆ ಗಂಟೆ ಸಾಕಾಗುವಷ್ಟೇ. ಹಿಂದಿನ ದಿನ ದುಡಿದು ಬಂದವರು ಅರ್ಧ ಟ್ಯಾಂಕಿನಲ್ಲಿ ಶುರು ಮಾಡುತ್ತಾರೆ. ಹಾಗಾಗಿ ಶನಿವಾರ ರಾತ್ರಿ ಜೋಳದ ರೊಟ್ಟಿಗಿಂತ ಅನ್ನ ಒಳ್ಳೆಯದು. ರೊಟ್ಟಿ ಬಲ ಕೊಡುವ ಊಟವೇ, ಆದರೆ ನಾರಿನಿಂದಾಗಿ ಅದು ನಿಧಾನಕ್ಕೆ ಕರಗುತ್ತದೆ. ನಮ್ಮ ಸೋನಾ ಮಸೂರಿ ಅನ್ನ, ಮೊಸರು, ಸ್ವಲ್ಪ ಬೇಳೆ ಸಾಕು. ಶೇಂಗಾ ಹಿಂಡಿ, ಮಿರ್ಚಿ ಭಜಿ ರೇಸ್ ಮುಗಿದ ಮೇಲೆ ತಿನ್ನಿ.

ರೇಸಿಗೆ ಮೂರು ಗಂಟೆ ಮೊದಲು ಹೊಟ್ಟೆ ತುಂಬ ತಿಂಡಿ. ಬಾಯಿಗೆ ರೂಢಿಯಿರುವ ಒಗ್ಗರಣಿ ಮಂಡಾಳು, ಉಪ್ಪಿಟ್ಟು, ಇಡ್ಲಿ ಯಾವುದಾದರೂ ಆದೀತು, ಎಣ್ಣೆ ಖಾರ ಕಮ್ಮಿಯಿರಲಿ. ಹೊಸ ತಿನಿಸನ್ನು ರೇಸ್ ದಿನವೇ ಪರೀಕ್ಷಿಸಬೇಡಿ. ಸ್ಟಾರ್ಟಿಗೆ ಹದಿನೈದು ನಿಮಿಷ ಮೊದಲು ಒಂದು ಬಾಳೆಹಣ್ಣು.

ಸೈಕಲ್ ಮೇಲೆ ತಾಸಿಗೆ 30ರಿಂದ 60 ಗ್ರಾಂ ಸಕ್ಕರೆಯಂಶ ಹೊಟ್ಟೆಗೆ ಹೋಗಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ, ಇಪ್ಪತ್ತು ಗ್ರಾಮಿನ ಒಂದು ಬೆಲ್ಲದ ತುಂಡಿನಲ್ಲಿ ಹದಿನೆಂಟು ಹತ್ತೊಂಬತ್ತು ಗ್ರಾಂ ಸಿಗುತ್ತದೆ. ವಿದೇಶಿ ಜೆಲ್ ಪ್ಯಾಕೆಟ್ ಇಲ್ಲವೆಂದು ಕೊರಗುವ ಅಗತ್ಯವಿಲ್ಲ. ಬೆಲ್ಲ, ನಿಂಬೆರಸ, ಚಿಟಿಕೆ ಉಪ್ಪು ಬೆರೆಸಿದ ಒಂದು ಬಾಟಲಿ ಪಾನಕ ಚೆನ್ನಾಗಿ ಕೆಲಸ ಮಾಡುತ್ತದೆ. ಹಸಿವಾಗುವ ತನಕ ಕಾಯಬಾರದು. ದಣಿದ ದಿನ ಮೊದಲ ಇಪ್ಪತ್ತು ನಿಮಿಷದಲ್ಲೇ ಮೊದಲ ತುತ್ತು ಇಳಿಯಬೇಕು. ಒಂದು ಮಾತು: ದೊಡ್ಡ ರೇಸುಗಳಲ್ಲಿ ಹೊರಗಿನವರು ಬಾಟಲಿ ಕೊಡಲು ಫೀಡ್ ಝೋನ್ ಎಂಬ ಗೊತ್ತಾದ ಜಾಗವಿರುತ್ತದೆ. ಬೇರೆ ಕಡೆ ಗೆಳೆಯರಿಂದ ನೀರು ತೆಗೆದುಕೊಂಡರೆ ದಂಡವೋ ಅನರ್ಹತೆಯೋ ಆಗಬಹುದು. ಸ್ಟಾರ್ಟಿಗೆ ಮೊದಲೇ ಆ ಜಾಗ ನೋಡಿಟ್ಟುಕೊಳ್ಳಿ.

ಮೈ ಕಾಯಿಸುವುದು

ಕಾಲು ಸೋತಿವೆ, ಇನ್ನು ವಾರ್ಮ್ ಅಪ್ ಬೇರೆ ಮಾಡಿ ಇದ್ದ ಬಲವನ್ನೂ ಕಳೆಯುವುದೇಕೆ ಎಂದು ಹಲವರು ಕೂತುಬಿಡುತ್ತಾರೆ. ಇದು ತಿರುಗಾಮುರುಗಾ ಲೆಕ್ಕ. ದಣಿದ ಕಾಲಿಗೇ ಹೆಚ್ಚು ಹೊತ್ತು ಬೇಕು. ಹದಿನೈದು ನಿಮಿಷ ಬಹಳ ಹಗುರಾದ ಗೇರಿನಲ್ಲಿ ತುಳಿಯಿರಿ, ಆಮೇಲೆ ಐದು ನಿಮಿಷ ಸ್ವಲ್ಪ ಬಿಗಿ, ಹತ್ತು ಸೆಕೆಂಡಿನ ಎರಡು ಜೋರು ತುಳಿತ. ಮೊದಲ ಹತ್ತು ನಿಮಿಷ ಕಲ್ಲಿನಂತಿದ್ದ ತೊಡೆ ಇಪ್ಪತ್ತನೇ ನಿಮಿಷಕ್ಕೆ ಸಡಿಲಾಗುವುದು ಬಹಳ ಸಲ ಕಾಣುವ ಸಂಗತಿ. ಸಡಿಲಾದರೆ ಆ ದಿನದ ಬಗ್ಗೆ ನಿಮ್ಮ ಅಂದಾಜನ್ನು ಬದಲಿಸಿಕೊಳ್ಳಿ. ನಮ್ಮ ಬಿಸಿಲಿನಲ್ಲಿ ಇದನ್ನೆಲ್ಲ ನೆರಳಿನಲ್ಲಿ, ತಲೆಗೆ ಒದ್ದೆ ಟವಲ್ ಹಾಕಿಕೊಂಡು ಮಾಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಜಿಲ್ಲೆ ನಮ್ಮದು.

ಮೊದಲ ಸುತ್ತು: ಇಲ್ಲೇ ರೇಸ್ ಉಳಿಯುವುದು, ಇಲ್ಲೇ ಹೋಗುವುದು

ಕ್ರಾಸ್ ಕಂಟ್ರಿ ರೇಸ್ ಸಾಮಾನ್ಯವಾಗಿ ನಾಲ್ಕರಿಂದ ಆರು ಕಿಲೋಮೀಟರಿನ ಸುತ್ತುಗಳಲ್ಲಿ ನಡೆಯುತ್ತದೆ. ಶಿಳ್ಳೆ ಊದಿದ ಕೂಡಲೇ ಎಲ್ಲರೂ ಕಾಲುದಾರಿಯ ಬಾಯಿಗೆ ಮೊದಲು ತಲುಪಲು ಮುಗಿಬೀಳುತ್ತಾರೆ. ಆ ಕಿರಿದಾದ ದಾರಿಯಲ್ಲಿ ಮುಂದಿನವನನ್ನು ದಾಟುವುದು ಕಷ್ಟ, ಹಾಗಾಗಿ ಆ ಓಟಕ್ಕೆ ಅರ್ಥವಿದೆ. ಆದರೆ ದಣಿದ ದಿನ ಅದು ಇಡೀ ರೇಸಿನ ಅತಿ ದುಬಾರಿ ಎರಡು ನಿಮಿಷ. ಅಲ್ಲಿ ಪೂರ್ತಿ ಖರ್ಚಾದವರು ಮುಂದಿನ ಒಂದು ಗಂಟೆ ಸಾಲ ತೀರಿಸುತ್ತಲೇ ಇರುತ್ತಾರೆ.

ತೀರಾ ಹಿಂದೆ ಉಳಿಯುವುದಕ್ಕೂ ಬೆಲೆ ತೆರಬೇಕಾಗುತ್ತದೆ. ಅಂತರರಾಷ್ಟ್ರೀಯ ನಿಯಮದಂತೆ ಮುಂಚೂಣಿಯವನ ಮೊದಲ ಸುತ್ತಿನ ಸಮಯದ ಶೇ 80ಕ್ಕಿಂತ ಹೆಚ್ಚು ಹಿಂದೆ ಬಿದ್ದವರನ್ನು ಕಣದಿಂದ ಹೊರಗೆ ಕರೆಯುತ್ತಾರೆ. ಮುಂದಿನವನು ಹದಿನೈದು ನಿಮಿಷಕ್ಕೆ ಮೊದಲ ಸುತ್ತು ಮುಗಿಸಿದ್ದರೆ ನಿಮಗೆ ಸಿಗುವ ಸಾವಕಾಶ ಹನ್ನೆರಡು ನಿಮಿಷ ಎಂದಾಯಿತು. ಗುಂಪಿನ ನಡುವೆ ಒಂದು ಜಾಗ ಹಿಡಿಯಿರಿ. ನಿಮಗಿಂತ ಸ್ವಲ್ಪವೇ ಬಲವಾದ, ನೇರವಾಗಿ ಸವಾರಿ ಮಾಡುವ ಒಬ್ಬರ ಹಿಂದಿನ ಗಾಲಿಯನ್ನು ಹಿಂಬಾಲಿಸಿ. ಬಯಲಿನಲ್ಲಿ ಎದುರುಗಾಳಿ ಬೀಸುವಾಗ ಅವರ ಬೆನ್ನು ನಿಮಗೆ ಮರೆಯಾಗುತ್ತದೆ.

ಶ್ರಮವನ್ನು ಒಂದರಿಂದ ಹತ್ತರ ಲೆಕ್ಕದಲ್ಲಿ ಅಳೆಯುವುದನ್ನು ಕಲಿಯಿರಿ. ಎರಡು ಮಾತು ಆಡಬಲ್ಲಿರಿ, ಪೂರಾ ವಾಕ್ಯ ಆಗದು ಎಂಬ ಸ್ಥಿತಿ ಏಳು. ಒಂದು ಪದವೂ ಹೊರಡದಿದ್ದರೆ ಒಂಬತ್ತು. ಮೊದಲ ಸುತ್ತು ಏಳು ದಾಟಬಾರದು. ಕೈಗಡಿಯಾರ ತೋರಿಸುವ ಎದೆಬಡಿತವನ್ನು ಇಂಥ ದಿನ ನಂಬಬೇಡಿ. ಬಹಳ ದಣಿದ ಮೈಯಲ್ಲಿ ಎಷ್ಟು ತುಳಿದರೂ ಬಡಿತ ಮೇಲೇರದೆ ಇರುವುದುಂಟು. ಅದನ್ನು ನೋಡಿ ಇನ್ನೂ ಬಲವಿದೆ ಎಂದುಕೊಂಡು ಒದ್ದಾಡುವುದು ತಪ್ಪು. ಉಸಿರು ಹೇಳುವುದೇ ಹೆಚ್ಚು ನಿಜ.

2024ರ ಜುಲೈ 29ರಂದು ಪ್ಯಾರಿಸ್ ಒಲಿಂಪಿಕ್ಸಿನ ಮೌಂಟೇನ್ ಬೈಕ್ ರೇಸಿನಲ್ಲಿ ಬ್ರಿಟನ್ನಿನ ಟಾಮ್ ಪಿಡ್‌ಕಾಕ್ ಪಂಕ್ಚರ್ ಆಗಿ, ಗಾಲಿ ಬದಲಿಸಿ ಹೊರಡುವಷ್ಟರಲ್ಲಿ ಮುಂದಿನವರಿಗಿಂತ ಅರ್ಧ ನಿಮಿಷಕ್ಕೂ ಹೆಚ್ಚು ಹಿಂದೆ ಬಿದ್ದಿದ್ದರು. ಸುತ್ತಿನ ಮೇಲೆ ಸುತ್ತು ಸ್ವಲ್ಪ ಸ್ವಲ್ಪವೇ ಅಂತರ ಕರಗಿಸಿ, ಕೊನೆಯ ಸುತ್ತಿನಲ್ಲಿ ಫ್ರಾನ್ಸಿನ ವಿಕ್ಟರ್ ಕೊರೆಟ್ಸ್ಕಿಯನ್ನು ದಾಟಿ ಚಿನ್ನ ಗೆದ್ದರು. ಕಳೆದ ಸಮಯವನ್ನು ಒಂದೇ ಏರಿನಲ್ಲಿ ಮರಳಿ ಪಡೆಯುವ ಆತುರ ಬಂದಾಗ ಆ ರೇಸನ್ನು ನೆನೆಯಿರಿ.

ಏರು ಬಂದಾಗ

ಏರಿನ ಬುಡಕ್ಕೆ ಬರುವ ಮೊದಲೇ ಗೇರ್ ಇಳಿಸಿ. ಭಾರ ಬಿದ್ದ ಮೇಲೆ ಗೇರ್ ಬದಲಿಸಿದರೆ ಚೈನೂ ಬಳಲುತ್ತದೆ, ಕಾಲೂ ಬಳಲುತ್ತದೆ. ನಿಮಗೆ ಅಭ್ಯಾಸವಿರುವುದಕ್ಕಿಂತ ಒಂದು ಗೇರ್ ಹಗುರ ಇರಲಿ. ನಿಮಿಷಕ್ಕೆ 80-90 ಸುತ್ತು ತುಳಿದರೆ ಕೆಲಸದ ಒಂದು ಭಾಗ ಉಸಿರಿಗೆ ಹೋಗುತ್ತದೆ, ತೊಡೆ ಸ್ವಲ್ಪ ಉಳಿಯುತ್ತದೆ. ಸೀಟಿನ ಮುಂತುದಿಗೆ ಸರಿದು, ಎದೆ ತಗ್ಗಿಸಿ, ಮೊಣಕೈ ಮಡಚಿ ಕೂತೇ ಹತ್ತಿ. ಎದ್ದು ನಿಂತು ತುಳಿಯುವುದನ್ನು ಕಲ್ಲುಮೆಟ್ಟಿಲು ದಾಟಲಷ್ಟೇ ಉಳಿಸಿಕೊಳ್ಳಿ. ತೀರಾ ಕಡಿದಾದ, ಸಡಿಲ ಗರಸಿನ ಏರಿನಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ನಡೆಯುವುದರಲ್ಲಿ ನಾಚಿಕೆ ಏನಿಲ್ಲ. ಮೂವತ್ತು ಹೆಜ್ಜೆಗೆ ತುಳಿಯುವವನಿಗೂ ತಳ್ಳುವವನಿಗೂ ಆಗುವ ವ್ಯತ್ಯಾಸ ಕೆಲವೇ ಸೆಕೆಂಡು. ತುಳಿತದ ಸ್ನಾಯುಗಳಿಗೆ ಅಷ್ಟು ಹೊತ್ತು ಬೇರೆ ತೆರನ ಕೆಲಸ ಸಿಗುತ್ತದೆ.

ಇಳಿಜಾರು ಮತ್ತು ತಿರುವು: ಕಾಲಿಲ್ಲದೆ ಸಿಗುವ ವೇಗ

ಇದನ್ನು ಹೇಳಲೆಂದೇ ಈ ಲೇಖನ ಬರೆಯಲು ಕೂತೆ. ರಸ್ತೆ ಸೈಕಲ್ಲಿನಲ್ಲಿ ಕಾಲು ಸೋತರೆ ಹೆಚ್ಚೇನೂ ಮಾಡಲಾಗದು. ಮೌಂಟೇನ್ ಬೈಕಿನಲ್ಲಿ ಕಣ್ಣು, ಕೈ, ಧೈರ್ಯ ಸೇರಿ ಕಾಲಿನ ಕೊರತೆಯನ್ನು ತುಂಬಬಲ್ಲವು. ಪ್ರತಿ ಸಲ ಬ್ರೇಕ್ ಹಿಡಿದಾಗ ನೀವು ತುಳಿದು ಗಳಿಸಿದ ವೇಗವನ್ನು ಚೆಲ್ಲುತ್ತೀರಿ. ತಿರುವಿನಿಂದ ಹೊರಬರುವಾಗ ಅದನ್ನು ಮತ್ತೆ ಕಾಲಿನಿಂದಲೇ ಕೊಳ್ಳಬೇಕು. ಒಂದು ಸುತ್ತಿನಲ್ಲಿ ಮೂವತ್ತು ತಿರುವಿದ್ದು, ಐದು ಸುತ್ತು ಓಡಿಸಿದರೆ ನೂರೈವತ್ತು ಸಲ.

ಬ್ರೇಕನ್ನು ತಿರುವಿನ ಮೊದಲೇ, ಸೈಕಲ್ ನೆಟ್ಟಗಿರುವಾಗ ಹಿಡಿದು ಬಿಟ್ಟುಬಿಡಿ. ತಿರುವಿನೊಳಗೆ ಬೆರಳು ಬ್ರೇಕಿನ ಮೇಲಿರಲಿ, ಅದುಮಬೇಡಿ. ಹೊರಗಿನ ಪೆಡಲ್ ಕೆಳಗೆ, ಮೈಭಾರ ಅದರ ಮೇಲೆ. ಕಣ್ಣು ಮುಂದಿನ ಗಾಲಿಯ ಬುಡದಲ್ಲಿ ಇರಬಾರದು, ತಿರುವಿನ ಆಚೆ ತುದಿಯಲ್ಲಿ ಇರಬೇಕು. ಸೈಕಲ್ ಕಣ್ಣು ಹೋದ ಕಡೆ ಹೋಗುತ್ತದೆ. ಕಲ್ಲನ್ನೇ ನೋಡಿದರೆ ಕಲ್ಲಿಗೇ ಬಡಿಯುತ್ತದೆ.

ಇಳಿಜಾರಿನಲ್ಲಿ ಸೀಟಿನಿಂದ ಎದ್ದು, ಎರಡೂ ಪೆಡಲ್ ಸಮಮಟ್ಟಕ್ಕೆ ತಂದು, ಮೊಣಕಾಲು ಮೊಣಕೈ ಸಡಿಲ ಬಿಡಿ. ಸೋತ ಕಾಲಿನವರು ಇಲ್ಲಿ ಮೊಣಕಾಲನ್ನು ಸೆಟೆದು ನಿಲ್ಲುತ್ತಾರೆ, ಆಗ ಪ್ರತಿ ಕಲ್ಲಿನ ಹೊಡೆತವೂ ಸೊಂಟಕ್ಕೆ ಬರುತ್ತದೆ. ಇಳಿಜಾರು ಉಸಿರಾಡುವ ಜಾಗ ಎಂದು ತಿಳಿಯಿರಿ. ನಾಲ್ಕೈದು ಆಳವಾದ ಉಸಿರು, ಕೈಬೆರಳು ಬಿಚ್ಚಿ ಮುಚ್ಚುವುದು, ಇಳಿಜಾರು ಸಪಾಟಾದ ಕಡೆ ಒಂದು ಗುಟುಕು ನೀರು. ದಣಿದ ದಿನ ಎಚ್ಚರವೂ ಮಂಕಾಗಿರುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ. ಮೊದಲೇ ನಡೆದು ನೋಡಿರದ ಜಾಗದಲ್ಲಿ, ಅಭ್ಯಾಸದಲ್ಲಿ ದಾಟಿರದ ಕಲ್ಲಿನ ಮೇಲೆ, ಈ ದಿನ ಸಾಹಸ ಬೇಡ.

ಊರಲ್ಲೇ ಇದನ್ನು ಕಲಿಯಬಹುದು. ಹೊಲದ ಬದುವಿನ ಪಕ್ಕದ ಖಾಲಿ ಜಾಗದಲ್ಲಿ ಆರು ಕಲ್ಲು ಇಟ್ಟು, ಪೆಡಲ್ ತುಳಿಯದೆ ಎಷ್ಟು ಕಲ್ಲು ಸುತ್ತಿ ಬರುತ್ತೀರಿ ನೋಡಿ. ಒಂದು ತಿಂಗಳು ದಿನಕ್ಕೆ ಹತ್ತು ನಿಮಿಷ ಆಡಿದರೆ ಸಾಕು. ರಾಯಚೂರು ಕೋಟೆ, ಮಲಿಯಾಬಾದ್ ಕೋಟೆಯ ಗೋಡೆ, ಮೆಟ್ಟಿಲುಗಳ ಮೇಲೆ ಸೈಕಲ್ ಹತ್ತಿಸಬೇಡಿ. ಅವು ಕಾಪಾಡಬೇಕಾದ ಸ್ಮಾರಕಗಳು. ಸುತ್ತಲಿನ ಬಂಡಿ ದಾರಿಗಳೇ ಧಾರಾಳವಾಗಿವೆ.

ಗಾಲಿಯೂ ದಣಿಯುತ್ತದೆ

ನಮ್ಮ ಕಡೆ ನೆಗ್ಗಿನಮುಳ್ಳು, ಬಳ್ಳಾರಿ ಜಾಲಿ ಮುಳ್ಳು ಎರಡೂ ಸೈಕಲ್ಲಿನ ಶತ್ರುಗಳು. ಕಾಲು ಸೋತ ದಿನ ಪಂಕ್ಚರ್ ಆದರೆ ಮನಸ್ಸೂ ಸೋಲುತ್ತದೆ. ಟ್ಯೂಬ್‌ಲೆಸ್ ಟೈರಿದ್ದರೆ ಸೀಲಂಟ್ ಒಣಗಿಲ್ಲವೇ ನೋಡಿ. ನಮ್ಮ ಬಿಸಿಲಿಗೆ ಅದು ಬೇಗ ಆರುತ್ತದೆ. ಟ್ಯೂಬ್ ಇರುವ ಸೈಕಲ್ಲಾದರೆ ಟ್ಯೂಬಿನೊಳಗೂ ಸೀಲಂಟ್ ಹಾಕಿಸಬಹುದು. ಅರವತ್ತು ಅರವತ್ತೈದು ಕೆ.ಜಿ. ತೂಗುವವರಿಗೆ ಅಗಲ ಟೈರಿನಲ್ಲಿ ಟ್ಯೂಬ್‌ಲೆಸ್ ಆದರೆ 20-24 ಪಿಎಸ್‌ಐ, ಟ್ಯೂಬ್ ಇದ್ದರೆ 28-30ರ ಸುತ್ತ ಗಾಳಿ ಸಾಕು. ಕಲ್ಲಿನಂತೆ ಗಟ್ಟಿ ಗಾಳಿ ತುಂಬಿದರೆ ವೇಗ ಹೆಚ್ಚುತ್ತದೆ ಎಂಬ ನಂಬಿಕೆ ಒರಟು ದಾರಿಗೆ ಹೊಂದುವುದಿಲ್ಲ. ಗಾಲಿ ಕುಪ್ಪಳಿಸಿ ಹಿಡಿತ ತಪ್ಪುತ್ತದೆ, ಕುಲುಕಾಟಕ್ಕೆ ಮೈ ಇನ್ನಷ್ಟು ಸೋಲುತ್ತದೆ. ಹಿಂದಿನ ದಿನ ಮಳೆಯಾಗಿದ್ದು ಎರಿ ಮಣ್ಣು ಟೈರಿಗೆ ಮೆತ್ತಿಕೊಳ್ಳುತ್ತಿದ್ದರೆ ದಾರಿಯ ಅಂಚಿನ ಹುಲ್ಲಿನ ಮೇಲೆ ಓಡಿಸಿ. ಚೈನಿಗೆ ಎಣ್ಣೆ ಹಾಕಿ ಒರೆಸಿರಬೇಕು ಎಂದು ಬೇರೆ ಹೇಳಬೇಕಿಲ್ಲ.

ನಡುವೆ ಕೈಬಿಟ್ಟಂತೆನಿಸಿದರೆ

ಮೂರನೇ ಸುತ್ತಿನ ಹೊತ್ತಿಗೆ ಒಂದು ಗಳಿಗೆ ಬರುತ್ತದೆ, ಇನ್ನಾಗದು ಅನಿಸುತ್ತದೆ. ಆಗ ಮೊದಲು ಏನಾದರೂ ತಿನ್ನಿ, ಹತ್ತು ನಿಮಿಷ ಬಿಟ್ಟು ತೀರ್ಮಾನ ಮಾಡಿ. ಎಷ್ಟೋ ಸಲ ಅದು ಕಾಲಿನ ಮಾತಲ್ಲ, ಸಕ್ಕರೆ ಇಳಿದ ತಲೆಯ ಮಾತು. ಕಾಲು ಸೆಳೆತ ಹಿಡಿದರೆ ಗೇರ್ ಇಳಿಸಿ, ಇಳಿಜಾರಿನಲ್ಲಿ ಹಿಮ್ಮಡಿ ಕೆಳಗೊತ್ತಿ ಮೀನಖಂಡ ಎಳೆಯಿರಿ. ನಿಲ್ಲದಿದ್ದರೆ ಇಳಿದು ಎಳೆಯಿರಿ. ದಕ್ಷಿಣ ಆಫ್ರಿಕದಲ್ಲಿ 2004ರಿಂದ ನಡೆಯುತ್ತಿರುವ ಕೇಪ್ ಎಪಿಕ್ ಎಂಬ ಎಂಟು ದಿನದ ರೇಸಿನಲ್ಲಿ ಇಬ್ಬಿಬ್ಬರು ಜೊತೆಯಾಗಿ ಓಡುತ್ತಾರೆ. ಎರಡನೇ ದಿನದಿಂದಾಚೆ ಅಲ್ಲಿ ಎಲ್ಲರ ಕಾಲೂ ಸೋತ ಕಾಲೇ. ಜೊತೆಗಾರ ಕುಗ್ಗಿದಾಗ ಇನ್ನೊಬ್ಬ ಗಾಳಿಗೆ ಅಡ್ಡವಾಗಿ ಮುಂದೆ ಸಾಗುತ್ತಾನೆ. ನೀವು ಒಂಟಿಯಾಗಿ ಸ್ಪರ್ಧಿಸುತ್ತಿದ್ದರೂ ನಿಮ್ಮಷ್ಟೇ ದಣಿದ ಇನ್ನೊಬ್ಬ ಸವಾರ ಪಕ್ಕದಲ್ಲಿ ಸಿಕ್ಕರೆ ಸರದಿಯ ಮೇಲೆ ಮುಂದಾಗಿ ಸಾಗಿ. ಹಿಂದಿನಿಂದ ವೇಗದವರು ಕೂಗಿದರೆ ಅಗಲವಾದ ಮೊದಲ ಜಾಗದಲ್ಲೇ ದಾರಿ ಬಿಡಿ.

ಕೆಲವು ಲಕ್ಷಣ ಕಂಡರೆ ಮಾತ್ರ ವಾದವಿಲ್ಲದೆ ನಿಲ್ಲಬೇಕು. ಬಿಸಿಲಿನಲ್ಲಿ ಚಳಿಯಾದಂತಾಗುವುದು, ತಲೆ ತಿರುಗಿ ದಾರಿ ಗೊಂದಲವಾಗುವುದು, ವಾಂತಿ, ಎದೆನೋವು, ಬೆವರು ನಿಂತುಹೋಗುವುದು. ಅಂಥವರನ್ನು ಕಂಡವರು ತಕ್ಷಣ ನೆರಳಿಗೆ ಎಳೆದು, ಮೈಮೇಲೆ ನೀರು ಸುರಿದು, ಗಾಳಿ ಹಾಕಿ, 108ಕ್ಕೆ ಕರೆ ಮಾಡಬೇಕು. ಬಾಯಿಗೆ ನೀರು ಕೊಡುವುದು ಪೂರ್ತಿ ಎಚ್ಚರವಿದ್ದರೆ ಮಾತ್ರ.

ರೇಸ್ ಮುಗಿದ ಮೇಲೆ

ಗುರಿ ಮುಟ್ಟಿದ ಕೂಡಲೇ ಕುಸಿದು ಕೂಡಬೇಡಿ. ಹತ್ತು ನಿಮಿಷ ಹಗುರಾಗಿ ತುಳಿದು ಅಥವಾ ನಡೆದು, ಅರ್ಧ ಗಂಟೆಯೊಳಗೆ ಏನಾದರೂ ತಿನ್ನಿ. ಉಪ್ಪು ಹಾಕಿದ ಮಜ್ಜಿಗೆ, ಬಾಳೆಹಣ್ಣು, ಆಮೇಲೆ ಅನ್ನ, ಬೇಳೆ ಅಥವಾ ಮೊಟ್ಟೆ. ಓಆರ್‌ಎಸ್ ಕುಡಿಯುವುದಿದ್ದರೆ ದೊಡ್ಡ ಪೊಟ್ಟಣಕ್ಕೆ ಪೂರಾ ಒಂದು ಲೀಟರ್ ನೀರು, ಅರ್ಧ ಲೀಟರಿಗೆ ಗಟ್ಟಿಯಾಗಿ ಕಲಸಬಾರದು. ಮುಂದಿನ ಎರಡು ದಿನ ಮೂತ್ರ ಚಹಾ ಡಿಕಾಕ್ಷನ್ನಿನಂತೆ ಕಂದಾಗಿ ಬಂದು, ತೊಡೆ ಊದಿ ವಿಪರೀತ ನೋವಾದರೆ ಅದು ಸಾಮಾನ್ಯ ಸುಸ್ತಲ್ಲ, ಸ್ನಾಯು ಒಡೆದ ಸೂಚನೆ. ಅದೇ ದಿನ ಆಸ್ಪತ್ರೆಗೆ ಹೋಗಿ.

ನಾಡಿ ಎಷ್ಟಿತ್ತು, ಏನು ತಿಂದಿರಿ, ಯಾವ ಸುತ್ತಿನಲ್ಲಿ ಕಾಲು ಕೈಕೊಟ್ಟಿತು, ಅದಕ್ಕೂ ಮೊದಲಿನ ನಾಲ್ಕು ದಿನ ಹೊಲದಲ್ಲಿ ಏನು ಕೆಲಸ ಮಾಡಿದಿರಿ, ಎಲ್ಲವನ್ನೂ ಅಂದೇ ಬರೆದಿಡಿ. ರೇಸಿನ ನೋವು ಸೋಮವಾರ, ಮಂಗಳವಾರ ಜೋರಾಗಿರುತ್ತದೆ. ಗೊಬ್ಬರದ ಚೀಲ ಹೊರುವ ಕೆಲಸವಿದ್ದರೆ ಮನೆಯವರಿಗೆ ಹೇಳಿ ಗುರುವಾರಕ್ಕೆ ಇಟ್ಟುಕೊಳ್ಳಿ.